ಬೆಂಜಮಿನ್ ಲೂಯಿಸ್ ರೈಸ್ ದೊರೆಗಳೂ ಹೋಬಳಿಯ ಶಾಲೆಗಳೂ

ಒಂದು ಊರಿನಲ್ಲಿ ಶಾಲೆಯನ್ನು ತೆರೆಯುವುದು ಅಷ್ಟೇನೂ ಕಷ್ಟವಾದ ಕೆಲಸವಲ್ಲ. ತೆರೆದ ಶಾಲೆಯನ್ನು ಹತ್ತು ವರುಷಗಳ ಕಾಲ ಬಾಗಿಲು ಮುಚ್ಚದ ಹಾಗೆ ನಡಿಸುವುದೇ ಕಷ್ಟ. ತೆರೆಯುವ ದಿನದಲ್ಲಿ ತೋರಣವುಂಟು, ಸಕ್ಕರೆಯುಂಟು, ಅಧಿಕಾರಿಗಳ ಒಳ್ಳೆಯ ಮಾತುಗಳುಂಟು. ಆದರೆ ಮಳೆಗಾಲದಲ್ಲಿ ಸೂರು ಸೋರುವಾಗಲೂ, ಬಿತ್ತನೆಯ ದಿನಗಳಲ್ಲಿ ಮಕ್ಕಳು ಬಾರದಿರುವಾಗಲೂ, ಉಪಾಧ್ಯಾಯನು ಬೇರೆ ಊರಿಗೆ ಹೊರಟುಹೋದಾಗಲೂ ಆ ಶಾಲೆಗೆ ದಿಕ್ಕಾರು? ಈ ಪ್ರಶ್ನೆಯನ್ನು ಕೈಗೆತ್ತಿಕೊಂಡು, ನಮ್ಮ ಮೈಸೂರು ಸೀಮೆಯ ಹಳ್ಳಿಗಳ ನಡುವೆ ಅದಕ್ಕೊಂದು ಉತ್ತರವನ್ನು ಕಂಡುಕೊಳ್ಳಲು ಪ್ರಯತ್ನಿಸಿದ ಒಬ್ಬ ಮಹನೀಯರ ಜೀವನಚರಿತ್ರೆಯನ್ನು ಈ ತಿಂಗಳು ನಾವು ಹೇಳಬಯಸುತ್ತೇವೆ.

ಬೆಂಜಮಿನ್ ಲೂಯಿಸ್ ರೈಸ್ ಎಂಬ ಹೆಸರನ್ನು ಕೇಳಿದೊಡನೆ ಓದುಬರಹ ಬಲ್ಲವರಿಗೆ ಕಲ್ಲಿನ ಶಾಸನಗಳ ನೆನಪಾಗುವುದು. ಕನ್ನಡ ನಾಡಿನ ಹಳೆಯ ಚರಿತ್ರೆಯನ್ನು ಕಲ್ಲುಗಳಿಂದ ಓದಿ ತಿಳಿಸಿದವರು ಅವರೇ. ಆದರೆ ಆ ಕೀರ್ತಿ ಬರುವುದಕ್ಕೆ ಮುಂಚೆ ಅವರು ಬಹುಕಾಲ ಶಾಲೆಗಳನ್ನು ನೋಡಿಕೊಳ್ಳುವ ಅಧಿಕಾರಿಯಾಗಿದ್ದರೆಂಬುದನ್ನು ಅನೇಕರು ಮರೆತಿದ್ದಾರೆ. ಉಪಾಧ್ಯಾಯರನ್ನು ಆರಿಸುವುದು, ಅವರನ್ನು ತರಬೇತುಗೊಳಿಸುವುದು, ಅವರ ಕೆಲಸವನ್ನು ಪರೀಕ್ಷಿಸುವುದು, ಊರಿನವರನ್ನು ಶಾಲೆಯ ಪಾಲುಗಾರರನ್ನಾಗಿ ಮಾಡುವುದು, ಇವೇ ಅವರ ಯೌವನದ ವರುಷಗಳ ಕೆಲಸವಾಗಿದ್ದವು. ನಮ್ಮಂಥ ಹಳ್ಳಿಯವರಿಗೆ ಕಲ್ಲುಗಳ ಸಂಗತಿಗಿಂತ ಈ ಸಂಗತಿಯೇ ಹೆಚ್ಚು ಪ್ರಯೋಜನವಾದದ್ದೆಂದು ನಾವು ಎಣಿಸುತ್ತೇವೆ.

ರೈಸ್ ದೊರೆಗಳು 1837ನೆಯ ಇಸವಿ ಜುಲೈ ತಿಂಗಳ 17ನೆಯ ತಾರೀಖಿನಲ್ಲಿ ಬೆಂಗಳೂರಿನಲ್ಲಿ ಹುಟ್ಟಿದರು. ಅವರ ತಂದೆಯವರು ಲಂಡನ್ ಮಿಷನ್ನಿನ ಪಾದ್ರಿಗಳಾದ ಬೆಂಜಮಿನ್ ರೈಸ್ ಅಯ್ಯನವರು. ಅದೇ ವರುಷದ ಆರಂಭದಲ್ಲಿ ಬೆಂಗಳೂರಿಗೆ ಬಂದು ಸೇರಿದ ಈ ಅಯ್ಯನವರು 1887ರಲ್ಲಿ ತಾವು ತೀರಿಕೊಳ್ಳುವ ವರೆಗೂ, ಅಂದರೆ ಐವತ್ತು ವರುಷಗಳ ಕಾಲ, ಕನ್ನಡದವರ ನಡುವೆಯೇ ದುಡಿದರು. ಬೆಂಗಳೂರು ಪೇಟೆಯ ಅವೆನ್ಯೂ ರಸ್ತೆಯಲ್ಲಿರುವ ರೈಸ್ ಸ್ಮಾರಕ ದೇವಾಲಯವು ಇವರ ಹೆಸರನ್ನೇ ಹೊತ್ತಿದೆ. ತಾಯಿಯವರಾದ ಜೇನ್ ಅಮ್ಮನವರು, ಹೆಣ್ಣುಮಕ್ಕಳಿಗೆ ಅಕ್ಷರವೇತಕ್ಕೆಂದು ಜನರು ಕೇಳುತ್ತಿದ್ದ ಆ ಕಾಲದಲ್ಲಿ, ಮತ್ತೊಬ್ಬ ಮಿಷನೆರಿಯವರ ಪತ್ನಿಯ ಸಂಗಡ ಸೇರಿ ಬೆಂಗಳೂರಿನಲ್ಲಿ ಕನ್ನಡ ಹುಡುಗಿಯರಿಗೆ ಶಾಲೆಯನ್ನು ನಡಿಸಿದರು. ಹೀಗೆ ಮನೆಯಲ್ಲಿ ಇಂಗ್ಲಿಷು, ಹೊರಗೆ ಕನ್ನಡ, ಹತ್ತಿರದಲ್ಲಿಯೇ ಶಾಲೆ, ಇಂಥ ಸುತ್ತುಮುತ್ತಲಲ್ಲಿ ಆ ಬಾಲಕನು ಕಣ್ಣು ತೆರೆದನು. ಇವರ ತಮ್ಮಂದಿರಾದ ಎಡ್ವರ್ಡ್ ರೈಸ್ ಅಯ್ಯನವರು ಮುಂದೆ ಕನ್ನಡ ಸಾಹಿತ್ಯದ ಚರಿತ್ರೆಯನ್ನು ಇಂಗ್ಲಿಷಿನಲ್ಲಿ ಬರೆದು ಹೆಸರುವಾಸಿಯಾದರು.

ವಿದ್ಯಾಭ್ಯಾಸಕ್ಕಾಗಿ ಇಂಗ್ಲೆಂಡಿಗೆ ಹೋಗಿದ್ದ ಲೂಯಿಸ್ ರೈಸರು 1860ರಲ್ಲಿ, ತಮ್ಮ ಇಪ್ಪತ್ತಮೂರನೆಯ ವಯಸ್ಸಿನಲ್ಲಿ, ಬೆಂಗಳೂರಿಗೆ ಹಿಂತಿರುಗಿ ಬಂದು ಹೈಸ್ಕೂಲಿನ ಮುಖ್ಯೋಪಾಧ್ಯಾಯರಾದರು. ಈ ಹೈಸ್ಕೂಲು 1858ರಲ್ಲಿ ಸರ್ಕಾರದ ವಶದಲ್ಲಿ ಆರಂಭವಾದದ್ದು. ಅದರ ಮೊದಲನೆಯ ಮುಖ್ಯಸ್ಥರು ವೆಸ್ಲಿಯನ್ ಮಿಷನ್ನಿನಲ್ಲಿ ಕೆಲಸಮಾಡಿದ್ದ ಗ್ಯಾರೆಟ್ ಅಯ್ಯನವರು. ಇದೇ ಪಾಠಶಾಲೆಯು ಮುಂದೆ ಬೆಳೆದು ಸೆಂಟ್ರಲ್ ಕಾಲೇಜೆಂದು ಪ್ರಸಿದ್ಧವಾಯಿತು. ಪಟ್ಟಣದ ದೊಡ್ಡ ಶಾಲೆಯಲ್ಲಿ ಐದು ವರುಷ ಕಳೆದ ಮೇಲೆ, 1865ರಲ್ಲಿ, ರೈಸ್ ದೊರೆಗಳಿಗೆ ಮೈಸೂರು ಮತ್ತು ಕೊಡಗು ಸೀಮೆಗಳ ಶಾಲೆಗಳ ಇನ್‌ಸ್ಪೆಕ್ಟರ್ ಹುದ್ದೆ ದೊರೆಯಿತು. ಆಗ ಅವರಿಗೆ ವಯಸ್ಸು ಇಪ್ಪತ್ತೆಂಟು.

ಆ ದಿನಗಳಲ್ಲಿ ಮೈಸೂರು ಸೀಮೆಯ ಆಡಳಿತವು ಅರಸರ ಕೈಯಲ್ಲಿರಲಿಲ್ಲ; 1831ರಿಂದ 1881ರ ವರೆಗೆ ಇಂಗ್ಲಿಷ್ ಕಮಿಷನರರೇ ನಾಡನ್ನು ಆಳುತ್ತಿದ್ದರು. ಬೆಂಗಳೂರಿನಿಂದ ಮೈಸೂರಿಗೆ ರೈಲು ಇನ್ನೂ ಬಂದಿರಲಿಲ್ಲ. ಇನ್‌ಸ್ಪೆಕ್ಟರರು ಕುದುರೆಯ ಮೇಲೆಯೋ ಗಾಡಿಯಲ್ಲಿಯೋ ಊರಿಂದೂರಿಗೆ ಹೋಗಬೇಕಾಗಿತ್ತು. ಇಂದು ರಾಜಾಜಿನಗರ, ವಿಜಯನಗರ, ಬಸವೇಶ್ವರನಗರಗಳೆಂದು ಕರೆಯಲ್ಪಡುವ ಬಡಾವಣೆಗಳು ಆಗ ಇರಲೇ ಇಲ್ಲ. ಕೋಟೆ ಪೇಟೆಗಳನ್ನು ದಾಟಿ ಪಡುವಣಕ್ಕೆ ಬಂದರೆ ಹೊಲಗಳು, ಕೆರೆಗಳು, ತೋಪುಗಳು, ಸಣ್ಣ ಸಣ್ಣ ಹಳ್ಳಿಗಳು ಇಷ್ಟೇ. ಮೈಸೂರಿನ ದಾರಿಯಲ್ಲಿ ಮುಂದೆ ಸಾಗಿದರೆ ಕೆಂಗೇರಿ ಸಿಕ್ಕುತ್ತಿತ್ತು. ಕೆಂಗೇರಿಯು ಒಂದು ಹೋಬಳಿಯ ಮುಖ್ಯ ಸ್ಥಳ. ಹೋಬಳಿಯೆಂದರೆ ತಾಲ್ಲೂಕಿನ ಒಂದು ಭಾಗ, ಒಂದು ದೊಡ್ಡ ಗ್ರಾಮವೂ ಅದರ ಸುತ್ತಣ ಹಲವು ಹಳ್ಳಿಗಳೂ ಸೇರಿದ್ದೆಂದು ನಮ್ಮ ವಾಚಕರು ಬಲ್ಲರು. ಇಂಥ ಹೋಬಳಿಗಳು ಆಗಿನ ಮೈಸೂರು ಸೀಮೆಯಲ್ಲಿ 600ಕ್ಕೂ ಮಿಕ್ಕಿದ್ದವು.

ಈ ಹೋಬಳಿಗಳಲ್ಲಿ ಮಕ್ಕಳಿಗೆ ವಿದ್ಯೆ ಎಲ್ಲಿ ದೊರಕುತ್ತಿತ್ತು? ಸರ್ಕಾರದ ಶಾಲೆಗಳು ಬಹುಮಟ್ಟಿಗೆ ಪಟ್ಟಣಗಳಲ್ಲಿಯೂ ತಾಲ್ಲೂಕು ಕಸಬೆಗಳಲ್ಲಿಯೂ ಇದ್ದವು. ಹಳ್ಳಿಗಳಲ್ಲಿ ಕೂಲಿಮಠಗಳು ಮಾತ್ರ ಇದ್ದವು. ಒಬ್ಬ ಐಗಳು ಯಾರದಾದರೂ ಜಗಲಿಯ ಮೇಲೆ ಕುಳಿತು, ಮರಳಿನ ಮೇಲೆ ಅಕ್ಷರ ತಿದ್ದಿಸಿ, ಮಗ್ಗಿಯನ್ನು ಬಾಯಿಪಾಠ ಮಾಡಿಸುತ್ತಿದ್ದನು. ಮಕ್ಕಳ ತಂದೆಗಳು ಕೊಡುವ ಅಷ್ಟಿಷ್ಟು ಹಣವೂ ದವಸವೂ ಅವನ ಜೀವನ. ಅಚ್ಚಿನ ಪುಸ್ತಕವಿಲ್ಲ, ಭೂಪಟವಿಲ್ಲ, ತಪ್ಪಿದವನಿಗೆ ಬೆತ್ತವೂ ಕೋದಂಡವೂ ತಪ್ಪದು. ಪಟ್ಟಣದಲ್ಲಿ ಓದಿದ ಅಧಿಕಾರಿಗಳಿಗೆ ಇಂಥ ಮಠಗಳು ನಗೆಪಾಟಲಾಗಿ ತೋರುವುದು ಸಹಜ. ಅವುಗಳನ್ನು ತಳ್ಳಿಬಿಟ್ಟು ಪಟ್ಟಣದಿಂದ ಹೊಸ ಉಪಾಧ್ಯಾಯರನ್ನು ಕಳುಹಿಸಬೇಕೆಂಬ ಆಲೋಚನೆಯು ಯಾರಿಗಾದರೂ ಮೊದಲು ಹೊಳೆಯತಕ್ಕದ್ದು.

ಆದರೆ ಹಾಗೆ ಮಾಡಿದರೆ ಏನಾಗುವುದೆಂಬುದು ಹಳ್ಳಿಯಲ್ಲಿ ಬಾಳಿದವರಿಗೆ ಗೊತ್ತು. ಪಟ್ಟಣದಿಂದ ಬಂದ ಉಪಾಧ್ಯಾಯನಿಗೆ ಊರಿನಲ್ಲಿ ಮನೆಯಿಲ್ಲ, ನಂಟರಿಲ್ಲ, ಮಾತನಾಡುವ ಜೊತೆಯವರಿಲ್ಲ. ಅವನ ಮನಸ್ಸು ಯಾವಾಗಲೂ ವರ್ಗದ ಆಜ್ಞೆಯ ಮೇಲೆ ಇರುವುದು. ಊರಿನವರಾದರೋ ಆ ಶಾಲೆಯನ್ನು ಸರ್ಕಾರದ್ದೆಂದು ಹೇಳುವರೇ ಹೊರತು ನಮ್ಮದೆಂದು ಹೇಳರು. ಗೋಡೆ ಬಿರಿದರೆ ಸರ್ಕಾರವೇ ಮೆತ್ತಲಿ, ಮಕ್ಕಳು ಬಾರದಿದ್ದರೆ ಸರ್ಕಾರವೇ ಕರೆಯಲಿ ಎಂದು ಸುಮ್ಮನಿರುವರು. ಇಂಥ ಶಾಲೆಯು ಬೇರಿಲ್ಲದ ಗಿಡದಂತೆ ಮೊದಲನೆಯ ಬೇಸಿಗೆಯಲ್ಲಿಯೇ ಒಣಗುವುದು.

ರೈಸ್ ದೊರೆಗಳು ಮೂರು ವರುಷ ಊರೂರು ತಿರುಗಿದ ಮೇಲೆ, 1868ರಲ್ಲಿ, ವಿದ್ಯಾ ಇಲಾಖೆಯ ಡೈರೆಕ್ಟರರ ಕೆಲಸವನ್ನು ಹಂಗಾಮಿಯಾಗಿ ವಹಿಸಿಕೊಂಡರು. ಆಗಲೇ ಅವರು ಹೋಬಳಿ ಶಾಲೆಗಳ ಏರ್ಪಾಡನ್ನು ಸರ್ಕಾರದ ಮುಂದಿಟ್ಟರು. ಕಮಿಷನರರಾದ ಬೌರಿಂಗ್ ದೊರೆಗಳ ಕಾಲದಲ್ಲಿ ಅದು ಮಂಜೂರಾಯಿತು. ಆ ಏರ್ಪಾಡಿನ ಸಾರವು ಯಾವ ರೈತನಿಗಾದರೂ ತಿಳಿಯುವಷ್ಟು ಸರಳವಾದದ್ದು. ಒಂದೊಂದು ಹೋಬಳಿಗೂ ಒಂದೊಂದು ಶಾಲೆಯಾಗಬೇಕು. ಶಾಲೆಯ ಮನೆಯನ್ನು ಆ ಊರಿನ ಜನರೇ ಒದಗಿಸಬೇಕು. ಉಪಾಧ್ಯಾಯನು ಸಾಧ್ಯವಾದ ಮಟ್ಟಿಗೂ ಆ ಹೋಬಳಿಯವನೇ ಆಗಿರಬೇಕು. ಅವನನ್ನು ನಾರ್ಮಲ್ ಸ್ಕೂಲಿಗೆ ಕರೆಸಿ, ಕಲಿಸುವ ಕ್ರಮವನ್ನು ಅಭ್ಯಾಸ ಮಾಡಿಸಿ, ತಿರುಗಿ ತನ್ನ ಜನರ ಬಳಿಗೆ ಕಳುಹಿಸಬೇಕು. ಅವನ ಸಂಬಳವನ್ನು ಸರ್ಕಾರವು ಕೊಡಬೇಕು.

ವಾಚಕರು ಈ ಸಂಗತಿಗಳನ್ನು ಸ್ವಲ್ಪ ನಿಧಾನಿಸಿ ನೋಡಬೇಕು. ಮನೆ ಊರಿನದು, ಸಂಬಳ ಸರ್ಕಾರದ್ದು. ಹೀಗೆ ಇಬ್ಬರ ಕೈಯೂ ಒಂದೇ ಕೆಲಸಕ್ಕೆ ಸೇರಿತು. ತನ್ನ ಕೈಯಿಂದ ಮಣ್ಣು ಹೊತ್ತು ಗೋಡೆ ಕಟ್ಟಿದವನು ಆ ಗೋಡೆಯೊಳಗೆ ತನ್ನ ಮಗನು ಏನು ಕಲಿಯುತ್ತಾನೆಂದು ಕೇಳದೆ ಇರನು. ಇನ್ನು ಉಪಾಧ್ಯಾಯನ ಸಂಗತಿ. ಹಿತ್ತಲ ಗಿಡ ಮದ್ದಲ್ಲವೆಂದು ನಮ್ಮಲ್ಲಿ ಗಾದೆಯುಂಟಷ್ಟೆ. ರೈಸ್ ದೊರೆಗಳು ಹಿತ್ತಲ ಗಿಡವನ್ನೇ ಮದ್ದೆಂದು ತಿಳಿದರು. ಊರಿನ ಮರ್ಯಾದೆಯನ್ನು ಆಗಲೇ ಪಡೆದಿದ್ದ ಮನುಷ್ಯನನ್ನು ಕದಲಿಸದೆ, ಅವನಿಗೆ ಇಲ್ಲದಿದ್ದ ಕ್ರಮವನ್ನು ಮಾತ್ರ ಕಲಿಸಿ ಕೊಡುವುದು, ಹೊಸಬನೊಬ್ಬನಿಗೆ ಊರಿನ ನಂಬಿಕೆಯನ್ನು ಸಂಪಾದಿಸಿ ಕೊಡುವುದಕ್ಕಿಂತ ಸುಲಭವೂ ಸ್ಥಿರವೂ ಆದ ಕೆಲಸ.

ಸಂಬಳಕ್ಕೆ ಹಣವೆಲ್ಲಿಂದ ಬರಬೇಕು? 1870ರ ದಶಕದಲ್ಲಿ ಭೂಕಂದಾಯದ ಮೇಲೆ ರೂಪಾಯಿಗೆ ಒಂದು ಆಣೆಯಂತೆ ಸ್ಥಳೀಯ ತೆರಿಗೆಯು ವಸೂಲಾಗುತ್ತಿತ್ತು. ಅದರಲ್ಲಿ ಸುಮಾರು ಕಾಲುಭಾಗವನ್ನು ಹಳ್ಳಿಯ ವಿದ್ಯಾಭ್ಯಾಸಕ್ಕೆಂದು ಪ್ರತ್ಯೇಕವಾಗಿಟ್ಟರು. ಆಣೆಗಳನ್ನು ಕಾಣದ ಇಂದಿನ ಮಕ್ಕಳಿಗೆ ಹೇಳಬೇಕಾದರೆ, ರೂಪಾಯಿಗೆ ಹದಿನಾರು ಆಣೆ. ಕಂದಾಯದ ಹದಿನಾರರಲ್ಲಿ ಒಂದು ಪಾಲನ್ನು ರೈತನು ಹೆಚ್ಚಾಗಿ ಕೊಟ್ಟನು, ಅದರ ಕಾಲುಭಾಗವು ಅಕ್ಷರವಾಗಿ ಅವನ ಊರಿಗೇ ಹಿಂತಿರುಗಿ ಬರಬೇಕಾಗಿತ್ತು. ಆದುದರಿಂದ ಹೋಬಳಿ ಶಾಲೆಯು ದೊರೆಗಳ ದಾನವಾಗಿರಲಿಲ್ಲ. ರೈತನ ದುಡಿತದ ಫಲವೇ ಆಗಿತ್ತು.

ಇಷ್ಟು ಹೇಳಿ ನಿಲ್ಲಿಸಿದರೆ ಚರಿತ್ರೆಯ ಅರ್ಧವನ್ನು ಮಾತ್ರ ಹೇಳಿದ ಹಾಗಾಗುವುದು. ಶಾಲೆಯನ್ನು ಊರಿಗೆ ಒಪ್ಪಿಸಿದಾಗ, ಆ ಶಾಲೆಯೊಳಗೆ ಯಾರು ಕಾಲಿಡಬಹುದೆಂಬ ತೀರ್ಪೂ ಊರಿನ ಕೈಗೆ ಹೋಯಿತು. ಆ ಕಾಲದಲ್ಲಿ ಊರೆಂದರೆ ಯಾರು? ಪಟೇಲರು, ಶಾನುಭೋಗರು, ಜಮೀನುಳ್ಳವರು. ಊರ ಹೊರಗಿನ ಕೇರಿಯವರನ್ನು ಊರೆಂದು ಯಾರೂ ಎಣಿಸುತ್ತಿರಲಿಲ್ಲ. ಬಹು ಕಡೆಗಳಲ್ಲಿ ಆ ಕೇರಿಯ ಮಕ್ಕಳಿಗೆ ಶಾಲೆಯ ಜಗಲಿಯೂ ಸಿಕ್ಕಲಿಲ್ಲ. ಅವರ ತಂದೆಯಂದಿರು ಕಟ್ಟಡಕ್ಕೆ ಮಣ್ಣು ಹೊತ್ತಿರಬಹುದು, ಕಲ್ಲು ಒಡೆದಿರಬಹುದು. ಒಳಗೆ ಕುಳಿತುಕೊಳ್ಳುವ ಹಕ್ಕು ಮಾತ್ರ ಮಕ್ಕಳಿಗೆ ಇರಲಿಲ್ಲ. ಹೆಣ್ಣುಮಕ್ಕಳೂ ಬಹುಮಟ್ಟಿಗೆ ಮನೆಯಲ್ಲಿಯೇ ಉಳಿದರು. ನಮ್ಮ ವಾಚಕರಲ್ಲಿ ಅನೇಕರ ಮುತ್ತಜ್ಜಂದಿರು ಅಂಥ ಬಾಗಿಲಿನ ಹೊರಗೆ ನಿಂತವರೇ. ಅವರಲ್ಲಿ ಕೆಲವರಿಗೆ ಮಿಷನ್ ಶಾಲೆಗಳು ಮೊದಲು ಬಾಗಿಲು ತೆರೆದವು. ಮೈಸೂರು ಸರ್ಕಾರವು ತನ್ನ ಎಲ್ಲಾ ಶಾಲೆಗಳಲ್ಲಿಯೂ ಆ ಮಕ್ಕಳನ್ನು ಸೇರಿಸಿಕೊಳ್ಳಬೇಕೆಂದು ಗಟ್ಟಿಯಾಗಿ ನಿಂತದ್ದು ಇಪ್ಪತ್ತನೆಯ ಶತಮಾನದ ಎರಡನೆಯ ದಶಕದಲ್ಲಿ, ಅದೂ ಅನೇಕರ ವಿರೋಧದ ನಡುವೆ.

ಹೀಗಿರುವುದರಿಂದ ರೈಸ್ ದೊರೆಗಳ ಏರ್ಪಾಡನ್ನು ತೆಗೆದುಹಾಕಬೇಕೆಂದು ನಾವು ಹೇಳುವುದಿಲ್ಲ. ಶಾಲೆಯನ್ನು ಊರಿಗೆ ಒಪ್ಪಿಸಿದ್ದು ಸರಿ. ಊರೆಂಬುದರಲ್ಲಿ ಎಲ್ಲಾ ಕೇರಿಗಳೂ ಸೇರಿವೆಯೋ ಎಂದು ಮೊದಲೇ ಕೇಳಬೇಕಾಗಿತ್ತು. ಅಧಿಕಾರವನ್ನು ಹಂಚುವವನು ಅದು ಯಾರ ಕೈಗೆ ಸೇರುತ್ತದೆಂದು ನೋಡದಿದ್ದರೆ, ಆಗಲೇ ಬಲವುಳ್ಳವರ ಬಲವೇ ಹೆಚ್ಚುವುದು. ಈ ಪಾಠವು ಅವರ ಕೆಲಸದ ಗೆಲುವಿನಿಂದ ಎಷ್ಟೋ ಅದರ ಕೊರತೆಯಿಂದಲೂ ಅಷ್ಟೇ ನಮಗೆ ದೊರಕುತ್ತದೆ.

1876ರಿಂದ 1878ರ ವರೆಗೆ ಮಹಾಕ್ಷಾಮವು ಬಂದಿತು. ಮೈಸೂರು ಸೀಮೆಯಲ್ಲಿ ಸುಮಾರು 10 ಲಕ್ಷ ಜನರು ಹಸಿವಿನಿಂದಲೂ ಅದರ ಹಿಂದೆಯೇ ಬಂದ ರೋಗಗಳಿಂದಲೂ ಸತ್ತರೆಂದು ಲೆಕ್ಕ ಹಾಕಿದ್ದಾರೆ. ಹೊಟ್ಟೆಗಿಲ್ಲದ ಮಗುವು ಮಗ್ಗಿಯನ್ನು ಒಪ್ಪಿಸುವುದೆಂತು? ಅಂಥ ದಿನಗಳಲ್ಲಿ ಊರೇ ಬರಿದಾದಾಗ ಶಾಲೆ ನಿಲ್ಲುವುದು ಆಶ್ಚರ್ಯವಲ್ಲ. ಜನರು ಉಳಿದ ಕಡೆ ಶಾಲೆಯೂ ತಿರುಗಿ ಎದ್ದಿತು. ಏಕೆಂದರೆ ಮನೆಯೂ ಉಪಾಧ್ಯಾಯನೂ ಆ ನೆಲಕ್ಕೇ ಸೇರಿದವು.

ರೈಸ್ ದೊರೆಗಳ ಕೈಗೆ ಬೇರೆ ಕೆಲಸಗಳೂ ಬಂದವು. ಮೈಸೂರು ಮತ್ತು ಕೊಡಗು ಸೀಮೆಗಳ ವಿವರಗಳನ್ನೆಲ್ಲಾ ಕೂಡಿಸಿ ಗ್ಯಾಸೆಟಿಯರ್ ಎಂಬ ದೊಡ್ಡ ಗ್ರಂಥವನ್ನು ಅವರು 1870ರ ದಶಕದಲ್ಲಿ ಪ್ರಕಟಿಸಿದರು. 1881ರ ಜನಗಣತಿಯ ಭಾರವನ್ನೂ ಹೊತ್ತರು. 1882ರಲ್ಲಿ ಹಿಂದೂದೇಶದ ವಿದ್ಯಾಭ್ಯಾಸವನ್ನು ಪರಿಶೀಲಿಸುವುದಕ್ಕಾಗಿ ಹಂಟರ್ ದೊರೆಗಳ ಅಧ್ಯಕ್ಷತೆಯಲ್ಲಿ ನೇಮಕವಾದ ಆಯೋಗಕ್ಕೆ ರೈಸ್ ದೊರೆಗಳೇ ಕಾರ್ಯದರ್ಶಿಯಾದರು. ಪ್ರಾಥಮಿಕ ಶಾಲೆಗಳನ್ನು ಸ್ಥಳೀಯ ಸಂಸ್ಥೆಗಳಿಗೆ ಒಪ್ಪಿಸಬೇಕು, ದೇಶೀಯ ಹಳೆಯ ಶಾಲೆಗಳನ್ನು ತಳ್ಳದೆ ಪ್ರೋತ್ಸಾಹಿಸಬೇಕು ಎಂಬುವು ಆ ಆಯೋಗದ ಮುಖ್ಯ ಸಲಹೆಗಳಲ್ಲಿ ಸೇರಿದ್ದವು. ಇವು ಹದಿನಾಲ್ಕು ವರುಷಗಳ ಹಿಂದೆ ನಮ್ಮ ಹೋಬಳಿಗಳಲ್ಲಿ ನಡೆದ ಕೆಲಸಕ್ಕೆ ಎಷ್ಟು ಹತ್ತಿರವಾದವೆಂಬುದನ್ನು ವಾಚಕರೇ ನೋಡಬಹುದು.

ಇನ್ನು ಕಲ್ಲುಗಳ ಸಂಗತಿ. ಶಾಲೆಗಳನ್ನು ನೋಡಲು ಹಳ್ಳಿಗಳನ್ನು ಸುತ್ತುತ್ತಿದ್ದಾಗ, ದೇವಸ್ಥಾನಗಳ ಮುಂದೆಯೂ ಕೆರೆಯ ಏರಿಗಳ ಮೇಲೆಯೂ ಹೊಲಗಳ ಬದುಗಳಲ್ಲಿಯೂ ನಿಂತಿದ್ದ ಬರಹದ ಕಲ್ಲುಗಳು ಅವರ ಕಣ್ಣಿಗೆ ಬಿದ್ದವು. ಎಷ್ಟೋ ಜನರು ಅವುಗಳ ಮೇಲೆ ಬಟ್ಟೆ ಒಗೆದಿದ್ದರು, ಎಷ್ಟೋ ಜನರು ನಿಧಿಯಿದೆಯೆಂದು ಅವುಗಳ ಬುಡವನ್ನು ಅಗೆದಿದ್ದರು. ರೈಸ್ ದೊರೆಗಳು ಅವುಗಳನ್ನು ಓದಿಸಲು ತೊಡಗಿದರು. 1879ರಲ್ಲಿ ಮೈಸೂರಿನ ಶಾಸನಗಳ ಪುಸ್ತಕವನ್ನು ಅಚ್ಚುಹಾಕಿಸಿದರು. ಪ್ರಾಚ್ಯವಸ್ತು ಶೋಧನೆಯ ಕೆಲಸವನ್ನು 1884ರಲ್ಲಿ ವಿದ್ಯಾ ಇಲಾಖೆಯ ಕೆಲಸದ ಸಂಗಡಲೇ ವಹಿಸಿಕೊಂಡು, 1890ರಿಂದ ಅದಕ್ಕೇ ತಮ್ಮನ್ನು ಪೂರ್ತಿಯಾಗಿ ಒಪ್ಪಿಸಿದರು. 1892ರಲ್ಲಿ ಚಿತ್ರದುರ್ಗದ ಸೀಮೆಯ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರಗಳಲ್ಲಿ ಅಶೋಕ ಚಕ್ರವರ್ತಿಯ ಶಾಸನಗಳನ್ನು ಬೆಳಕಿಗೆ ತಂದರು. ಎಪಿಗ್ರಾಫಿಯಾ ಕರ್ನಾಟಿಕಾ ಎಂಬ ಹೆಸರಿನ ಹನ್ನೆರಡು ಸಂಪುಟಗಳಲ್ಲಿ ಸುಮಾರು 9000 ಶಾಸನಗಳು ಪ್ರಕಟವಾದವು. ಬೆಂಗಳೂರು ಜಿಲ್ಲೆಯ ಸಂಪುಟವು 1905ರಲ್ಲಿ ಹೊರಬಂದಿತು. ಪಂಪಭಾರತ, ಪಂಪರಾಮಾಯಣ ಮೊದಲಾದ ಹಳೆಯ ಕಾವ್ಯಗಳನ್ನು ಓಲೆಗರಿಗಳಿಂದ ಅಚ್ಚಿಗೆ ತಂದದ್ದೂ ಅವರ ಆಸಕ್ತಿಯಿಂದಲೇ.

ಒಬ್ಬನೇ ಮನುಷ್ಯನು 9000 ಕಲ್ಲುಗಳನ್ನು ತಿದ್ದಿ ಓದಲಾರನು. ಇಲ್ಲಿಯೂ ಅವರು ಶಾಲೆಯಲ್ಲಿ ಕಲಿತ ಕ್ರಮವನ್ನೇ ಅನುಸರಿಸಿದರೆಂದು ನಮಗೆ ತೋರುತ್ತದೆ. ಹಳೆಗನ್ನಡವನ್ನೂ ಸಂಸ್ಕೃತವನ್ನೂ ಬಲ್ಲ ನಾಡಿನ ಪಂಡಿತರನ್ನೇ ಜೊತೆಗೂಡಿಸಿಕೊಂಡರು. ಅವರ ಕೈಕೆಳಗೆ 1899ರಲ್ಲಿ ಸೇರಿದ ಆರ್. ನರಸಿಂಹಾಚಾರ್ಯರು ಹೊಣೆಗಾರಿಕೆಯ ಕೆಲಸದಲ್ಲಿ ಪಳಗಿ, 1906ರಲ್ಲಿ ರೈಸ್ ದೊರೆಗಳು ವಿಶ್ರಾಂತಿ ಪಡೆದಾಗ ಅವರ ಸ್ಥಾನದಲ್ಲಿ ಕುಳಿತು ಅದೇ ಕೆಲಸವನ್ನು ಇನ್ನೂ ಮುಂದಕ್ಕೆ ಒಯ್ದರು. ಕರ್ಣಾಟಕ ಕವಿಚರಿತೆಯನ್ನು ಬರೆದವರೂ ಇವರೇ. ತಾನು ಹೋದ ಮೇಲೆ ಕೆಲಸವು ನಿಲ್ಲದ ಹಾಗೆ ಒಬ್ಬನನ್ನು ಸಿದ್ಧಮಾಡಿಡುವುದು ಮುಖಂಡನಾದವನ ಕೊನೆಯ ಪರೀಕ್ಷೆ. ಎಷ್ಟೋ ದೊಡ್ಡವರು ಇದರಲ್ಲಿಯೇ ಸೋಲುತ್ತಾರೆ.

ರೈಸ್ ದೊರೆಗಳು ತಮ್ಮ ಕೊನೆಯ ವರುಷಗಳನ್ನು ಇಂಗ್ಲೆಂಡಿನಲ್ಲಿ ಕಳೆದರು. ಅಲ್ಲಿದ್ದರೂ ಕನ್ನಡ ನಾಡನ್ನು ಮರೆಯದೆ, ಶಾಸನಗಳಿಂದ ತಿಳಿದುಬರುವ ಮೈಸೂರು ಕೊಡಗುಗಳ ಚರಿತ್ರೆಯನ್ನು 1909ರಲ್ಲಿ ಪ್ರಕಟಿಸಿದರು. 1927ನೆಯ ಇಸವಿ ಜುಲೈ 10ರಂದು, ತೊಂಬತ್ತು ವರುಷಗಳು ತುಂಬುವುದಕ್ಕೆ ಒಂದು ವಾರ ಮಾತ್ರ ಉಳಿದಿದ್ದಾಗ, ಹ್ಯಾರೋ ಎಂಬ ಊರಿನಲ್ಲಿ ತೀರಿಕೊಂಡರು.

ಪ್ರಿಯ ವಾಚಕರೇ, ಇವರ ಚರಿತ್ರೆಯಿಂದ ನಾವು ನಮ್ಮ ಊರುಗಳಿಗೆ ಏನನ್ನು ತೆಗೆದುಕೊಂಡು ಹೋಗೋಣ? ಶಾಲೆಯನ್ನು ಆಳುವವನು ಮೊದಲು ಅದನ್ನು ಕಣ್ಣಾರೆ ನೋಡಬೇಕು. ಮೂರು ವರುಷ ತಿರುಗಿದ ಮೇಲೆಯೇ ರೈಸ್ ದೊರೆಗಳು ಏರ್ಪಾಡನ್ನು ಬರೆದರು. ಹತ್ತಿರವಿರುವ ಮನುಷ್ಯನನ್ನು ಹೀನೈಸದೆ ಅವನನ್ನು ಬೆಳೆಸಬೇಕು. ಉಪಾಧ್ಯಾಯನಿಂದ ಕೆಲಸವನ್ನು ಕೇಳುವವನು ಅವನ ಸಂಬಳಕ್ಕೂ ತರಬೇತಿಗೂ ಹೊಣೆಯಾಗಬೇಕು. ಊರಿನವರಿಗೆ ಕೆಲಸದಲ್ಲಿ ಪಾಲು ಕೊಡಬೇಕು. ಹಾಗೆ ಕೊಡುವಾಗ ಕೊನೆಯ ಕೇರಿಯ ಕೊನೆಯ ಮನೆಯನ್ನೂ ಬಿಡಬಾರದು.

ಈ ಕೊನೆಯ ಮಾತನ್ನು ಇಂದು ನಡಿಸುವುದು ನಮ್ಮ ಕೈಯಲ್ಲಿಯೇ ಇದೆ. ಕರ್ನಾಟಕ ಸರ್ಕಾರವು 2001ರಲ್ಲಿ ತನ್ನ ಶಾಲೆಗಳಿಗೆ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಗಳನ್ನು ಏರ್ಪಡಿಸಿತು. 2009ರ ಮಕ್ಕಳ ಶಿಕ್ಷಣ ಹಕ್ಕಿನ ಕಾಯಿದೆಯಾದರೋ ಇಂಥ ಸಮಿತಿಗಳಲ್ಲಿ ಮುಕ್ಕಾಲು ಪಾಲು ಮಕ್ಕಳ ತಂದೆತಾಯಿಗಳೂ ಪೋಷಕರೂ, ಅರ್ಧ ಪಾಲು ಹೆಂಗಸರೂ ಇರಬೇಕೆಂದೂ, ಹಿಂದುಳಿದ ಗುಂಪುಗಳ ಮಕ್ಕಳ ಪೋಷಕರಿಗೂ ತಕ್ಕ ಪಾಲು ದೊರೆಯಬೇಕೆಂದೂ ವಿಧಿಸಿದೆ. 1868ರಲ್ಲಿ ಜಗಲಿಯ ಕೆಳಗೆ ನಿಂತವರ ಮೊಮ್ಮಕ್ಕಳ ಮಕ್ಕಳಿಗೆ ಇಂದು ಒಳಗೆ ಕುರ್ಚಿಯುಂಟು. ಆದರೆ ಆ ಕುರ್ಚಿಯಲ್ಲಿ ನಾವು ಕುಳಿತುಕೊಳ್ಳುತ್ತೇವೆಯೇ? ಸಭೆ ಕರೆದ ದಿನ ಕೂಲಿ ತಪ್ಪುವುದೆಂದು ಮನೆಯಲ್ಲಿ ಉಳಿದು, ಬೇರೆಯವರು ಬರೆದದ್ದಕ್ಕೆ ಮಾರನೆಯ ದಿನ ಹೆಬ್ಬೆಟ್ಟೊತ್ತಿದರೆ, ಬಾಗಿಲು ತೆರೆದಿದ್ದರೂ ನಾವು ಹೊರಗೆ ನಿಂತ ಹಾಗೆಯೇ. ಉಪಾಧ್ಯಾಯರು ವೇಳೆಗೆ ಬರುತ್ತಾರೆಯೋ, ಬಿಸಿಯೂಟವನ್ನು ಎಲ್ಲಾ ಮಕ್ಕಳಿಗೂ ಒಂದೇ ಪಂಕ್ತಿಯಲ್ಲಿ ಬಡಿಸುತ್ತಾರೆಯೋ, ಬಂದ ಹಣವು ಎಲ್ಲಿ ವೆಚ್ಚವಾಯಿತೋ ಎಂದು ವಿನಯದಿಂದ ಕೇಳುವುದು ಜಗಳವಲ್ಲ, ಅದು ಪಾಲುಗಾರನ ಕರ್ತವ್ಯ. ಒಳ್ಳೆಯ ಉಪಾಧ್ಯಾಯರಿಗೆ ಅಂಥ ಕೇಳಿಕೆಯು ಭಾರವಾಗದೆ ಬಲವಾಗುವುದು.

ಆಳಾಗಬಲ್ಲವನೇ ಅರಸಾಗಬಲ್ಲನೆಂದು ಹಿರಿಯರು ಹೇಳುತ್ತಾರೆ. ಶಾಲೆಗಾಗಿ ಮೊದಲು ನಮ್ಮ ಕೈಯಿಂದ ಒಂದು ಬುಟ್ಟಿ ಮಣ್ಣಾದರೂ ಬೀಳಲಿ. ಮುಂದಿನ ಸಭೆ ಯಾವ ದಿನವೆಂದು ನಾಳೆಯೇ ಹೋಗಿ ವಿಚಾರಿಸಿ, ಆ ದಿನ ಗಂಡಸರೂ ಹೆಂಗಸರೂ ಜೊತೆಗೂಡಿ ಹೋಗಿ ಕುಳಿತುಕೊಳ್ಳೋಣ.